ಯೂರೋವಿಷನ್‌ನಲ್ಲಿ ಆಸ್ಟ್ರೇಲಿಯಾಕ್ಕೇನು ಕೆಲಸ?

2016ರ ಮೇ ತಿಂಗಳು. ನಾನು ಮೆಲ್ಬರ್ನ್‌ಗೆ ಬಂದು ಮೂರು ತಿಂಗಳಾಗಿತ್ತು ಅಷ್ಟೆ. ಭಾನುವಾರ ಬೆಳಗಿನ ಜಾವ, ಇನ್ನೂ ಕತ್ತಲು, ಹೊರಗೆ ಮೈ ನಡುಗಿಸುವ ಚಳಿ. ಪಕ್ಕದ ಮನೆಯಿಂದ ಜೋರಾಗಿ ಹಾಡು ಕೇಳಿಸತೊಡಗಿತು. ನಮ್ಮೂರಲ್ಲಾಗಿದ್ದರೆ ಧನುರ್ಮಾಸದ ಮೈಕು ಅಂದುಕೊಂಡು ಮಗ್ಗುಲು ಬದಲಿಸಿ ಮಲಗಿಬಿಡುತ್ತಿದ್ದೆ. ಇಲ್ಲಿ ಅಂಥದ್ದೇನಿಲ್ಲ. ಪಕ್ಕದ ಮನೆಯಲ್ಲಿ ಇರುವುದು ಎಪ್ಪತ್ತು ದಾಟಿದ ಗ್ರೀಕ್ ಅಜ್ಜಿ ಒಬ್ಬರೇ. ಏನಾದರೂ ಹೆಚ್ಚುಕಮ್ಮಿ ಆಯಿತೋ ಏನೋ ಅಂತ ಏಳು ಗಂಟೆ ಹೊತ್ತಿಗೆ ಹೋಗಿ ಬಾಗಿಲು ತಟ್ಟಿದರೆ, ಅಜ್ಜಿ ಕೈ ಹಿಡಿದು ಒಳಗೆ ಎಳೆದುಕೊಂಡು ಸೋಫಾದ ಮೇಲೆ ಕೂರಿಸಿ ಕೈಗೆ ಕಾಫಿ ಕೊಟ್ಟರು. ಮಾತಾಡಬೇಡ, ನೋಡು ಅಂದರು.

ಟಿವಿಯಲ್ಲಿ ಯೂರೋವಿಷನ್ ಹಾಡಿನ ಸ್ಪರ್ಧೆಯ ಫೈನಲ್. ಸ್ವೀಡನ್ನಿನ ಸ್ಟಾಕ್‌ಹೋಮ್‌ನಿಂದ ನೇರ ಪ್ರಸಾರ. ಹಾಡುಗಳು ಮುಗಿದು ಪಾಯಿಂಟ್ ಎಣಿಕೆ ನಡೆದಿತ್ತು. ಪಟ್ಟಿಯ ಮೇಲ್ತುದಿಯಲ್ಲಿ ಆಸ್ಟ್ರೇಲಿಯಾ! ನಾನು ಕಣ್ಣುಜ್ಜಿಕೊಂಡೆ. ಆಸ್ಟ್ರಿಯಾ ಇರಬೇಕು, ನಾನೇ ತಪ್ಪು ಓದಿದೆ ಅಂದುಕೊಂಡೆ. ಇಲ್ಲ, ಆಸ್ಟ್ರೇಲಿಯಾವೇ.

"ಇದು ಯೂರೋಪಿನವರ ಸ್ಪರ್ಧೆ ಅಲ್ವಾ? ಇವರು ಯಾಕಿದ್ದಾರೆ?" ಅಂತ ಕೇಳಿದೆ.

"ಕರೆದರು, ಹೋದೆವು" ಅಂದರು ಅಜ್ಜಿ. ಆಮೇಲೆ, ತಾನು ಫೋನಿನಲ್ಲಿ ಸೈಪ್ರಸ್‌ಗೆ ಓಟು ಹಾಕಿದ್ದಾಗಿ ಹೇಳಿದರು. ಯಾಕೆ ಸೈಪ್ರಸ್ ಅಂದರೆ, ಗ್ರೀಸ್ ಆ ವರ್ಷ ಫೈನಲ್‌ಗೇ ಬಂದಿರಲಿಲ್ಲ. ಹಾಡು ಹೇಗಿತ್ತು ಅಂತ ಕೇಳಿದೆ. "ಪರವಾಗಿಲ್ಲ" ಅಂದರು, ಆ ಮಾತು ಇಲ್ಲಿ ಮುಖ್ಯವೇ ಅಲ್ಲ ಅನ್ನುವ ಧಾಟಿಯಲ್ಲಿ.

ಆ ಬೆಳಿಗ್ಗೆಯಿಂದ ಹಿಡಿದುಕೊಂಡ ಹುಚ್ಚು ನನಗಿನ್ನೂ ಬಿಟ್ಟಿಲ್ಲ. ಊರಿಗೆ ಫೋನ್ ಮಾಡಿದಾಗಲೆಲ್ಲ ಯಾರಾದರೂ ಇದೇ ಪ್ರಶ್ನೆ ಕೇಳುತ್ತಾರೆ, ಭೂಪಟದ ಆ ತುದಿಯಲ್ಲಿರುವ ದೇಶ ಯೂರೋಪಿನ ಸ್ಪರ್ಧೆಯಲ್ಲಿ ಏನು ಮಾಡುತ್ತಿದೆ ಅಂತ. ಅಜ್ಜಿಯ ಉತ್ತರ ಸರಿಯೇ ಇದೆ, ಆದರೆ ಅರ್ಧ ಮಾತ್ರ. ಉಳಿದರ್ಧ ಇಲ್ಲಿದೆ.

ಮೊದಲು ಒಂದು ತಪ್ಪು ಕಲ್ಪನೆ ತೆಗೆದುಹಾಕೋಣ. ಯೂರೋವಿಷನ್‌ನಲ್ಲಿ ದೇಶಗಳು ಸ್ಪರ್ಧಿಸುತ್ತವೆ ಅಂತ ನಾವು ಅಂದುಕೊಳ್ಳುತ್ತೇವೆ. ಬಾವುಟ ಕಾಣಿಸುತ್ತದೆ, ದೇಶದ ಹೆಸರು ಕೂಗುತ್ತಾರೆ, ಸಹಜ. ಆದರೆ ಕಾಗದದ ಮೇಲೆ ಸ್ಪರ್ಧಿಸುವುದು ಟಿವಿ ಸಂಸ್ಥೆಗಳು. ಸರ್ಕಾರ ಗಾಯಕರನ್ನು ಕಳಿಸುವುದಿಲ್ಲ, ಚಾನೆಲ್ ಕಳಿಸುತ್ತದೆ. ಭಾಗವಹಿಸುವ ಫೀಸು ಕಟ್ಟುವುದು ಚಾನೆಲ್, ಹಾಡು ಆರಿಸುವುದು ಚಾನೆಲ್, ಬೇಡ ಅನ್ನಿಸಿದರೆ ಹಿಂದೆ ಸರಿಯುವುದೂ ಚಾನೆಲ್ಲೇ.

ಈ ಚಾನೆಲ್‌ಗಳ ಒಕ್ಕೂಟದ ಹೆಸರು ಯೂರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್. ಚಿಕ್ಕದಾಗಿ ಇಬಿಯು. 1950ರಲ್ಲಿ ಹುಟ್ಟಿದ್ದು, ಕಚೇರಿ ಜಿನೀವಾದಲ್ಲಿದೆ. ಬೇರೆ ಬೇರೆ ದೇಶಗಳ ಸಾರ್ವಜನಿಕ ಪ್ರಸಾರ ಸಂಸ್ಥೆಗಳು, ಅಂದರೆ ನಮ್ಮ ದೂರದರ್ಶನ ಆಕಾಶವಾಣಿಯಂಥವು, ಅದರ ಸದಸ್ಯರು. ಒಂದು ದೇಶದ ಕಾರ್ಯಕ್ರಮ ಇನ್ನೊಂದು ದೇಶದ ಟಿವಿಯಲ್ಲಿ ಅದೇ ಹೊತ್ತಿಗೆ ಕಾಣಬೇಕು ಅನ್ನುವುದಕ್ಕೆ ಅವರು ಕಟ್ಟಿಕೊಂಡ ಜಾಲದ ಹೆಸರೇ ಯೂರೋವಿಷನ್. ಹಾಡಿನ ಸ್ಪರ್ಧೆ ಆಮೇಲೆ ಬಂತು. 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ಮೊದಲ ಸಲ ನಡೆದಾಗ ಇದ್ದದ್ದು ಏಳೇ ದೇಶ. ಒಂದೊಂದು ದೇಶಕ್ಕೂ ಎರಡೆರಡು ಹಾಡು. ಗೆದ್ದದ್ದು ಆತಿಥೇಯ ಸ್ವಿಟ್ಜರ್ಲೆಂಡೇ.

ಇಬಿಯುವಿನ ಪೂರ್ತಿ ಸದಸ್ಯರಾಗಬೇಕಾದರೆ ಯೂರೋಪಿನ ಪ್ರಸಾರ ವಲಯದೊಳಗೆ ಇರಬೇಕು, ಇಲ್ಲವೇ ದೇಶ ಯೂರೋಪ್ ಮಂಡಳಿ (ಕೌನ್ಸಿಲ್ ಆಫ್ ಯೂರೋಪ್) ಅನ್ನುವ ದೇಶಗಳ ಕೂಟದಲ್ಲಿರಬೇಕು. ಈ ಪ್ರಸಾರ ವಲಯ ಅನ್ನುವುದು ರೇಡಿಯೊ ತರಂಗದ ಲೆಕ್ಕಕ್ಕೆ ಎಳೆದ ಗೆರೆ. ಶಾಲೆಯ ಅಟ್ಲಾಸಿನ ಯೂರೋಪಿಗೂ ಅದಕ್ಕೂ ತಾಳೆಯಾಗುವುದಿಲ್ಲ. ಉತ್ತರ ಆಫ್ರಿಕಾ ಅದರೊಳಗೆ ಬರುತ್ತದೆ, ಪಶ್ಚಿಮ ಏಷ್ಯಾದ ಒಂದಷ್ಟು ಭಾಗವೂ ಬರುತ್ತದೆ. ಅದಕ್ಕೇ ಇಸ್ರೇಲ್ 1973ರಿಂದ ಹಾಡುತ್ತಿದೆ, 1980ರಲ್ಲಿ ಮೊರಾಕ್ಕೊ ಒಂದು ಸಲ ಬಂದು ಹೋಯಿತು.

ಆಸ್ಟ್ರೇಲಿಯಾ ಮಾತ್ರ ಯಾವ ಗೆರೆಯೊಳಗೂ ಬರುವುದಿಲ್ಲ. ವಲಯದ ಹೊರಗಿನ ಸಂಸ್ಥೆಗಳಿಗೆ ಸಹ ಸದಸ್ಯತ್ವ ಅಂತ ಇನ್ನೊಂದು ಬಾಗಿಲು ಇದೆ. ಆಸ್ಟ್ರೇಲಿಯಾದ ಎಸ್‌ಬಿಎಸ್ ಅನ್ನುವ ಚಾನೆಲ್ ಹಾಗೆ ಒಳಗಿದೆ. ನಮ್ಮ ಆಕಾಶವಾಣಿಯ ಹೆಸರೂ ಆ ಪಟ್ಟಿಯಲ್ಲಿ ಇದ್ದದ್ದುಂಟು. ಸಹ ಸದಸ್ಯ ಆದ ಮಾತ್ರಕ್ಕೆ ಹಾಡಲು ಹಕ್ಕು ಬರುವುದಿಲ್ಲ. ಮದುವೆ ಮನೆಯ ಹೊರಗೆ ನಿಂತು ವಾದ್ಯ ಕೇಳಬಹುದು, ಪಂಕ್ತಿಯಲ್ಲಿ ಕೂರಬೇಕಾದರೆ ಯಾರಾದರೂ ಕರೆಯಬೇಕು. ಹಾಗಾದರೆ ಎಸ್‌ಬಿಎಸ್‌ಅನ್ನೇ ಯಾಕೆ ಕರೆದರು? ನನಗಂತೂ ಈ ಕಥೆಯಲ್ಲಿ ತುಂಬಾ ಇಷ್ಟವಾಗುವ ಭಾಗ ಇದು.

ಎಸ್‌ಬಿಎಸ್ ಅಂದರೆ ವಲಸಿಗರ ಚಾನೆಲ್. ಎರಡನೇ ಮಹಾಯುದ್ಧದ ನಂತರ ಇಟಲಿ, ಗ್ರೀಸ್, ಯುಗೊಸ್ಲಾವಿಯಾ, ಮಾಲ್ಟಾ ಎಲ್ಲ ಕಡೆಯಿಂದ ಲಕ್ಷಾಂತರ ಜನ ಹಡಗು ಹತ್ತಿ ಇಲ್ಲಿಗೆ ಬಂದರು. ಬಂದವರಲ್ಲಿ ಎಷ್ಟೋ ಜನಕ್ಕೆ ಇಂಗ್ಲಿಷ್ ಬಾರದು. 1975ರಲ್ಲಿ ಸರ್ಕಾರ ಮೆಡಿಬ್ಯಾಂಕ್ ಅನ್ನುವ ಹೊಸ ಆರೋಗ್ಯ ಯೋಜನೆ ತಂದಾಗ, ಇವರಿಗೆ ಅದನ್ನು ಅರ್ಥ ಮಾಡಿಸುವುದು ಹೇಗೆ ಅನ್ನುವ ಪ್ರಶ್ನೆ ಬಂತು. ಸಿಡ್ನಿಯಲ್ಲೊಂದು ಮೆಲ್ಬರ್ನ್‌ನಲ್ಲೊಂದು ರೇಡಿಯೊ ಕೇಂದ್ರ ಶುರು ಮಾಡಿ, ಅವರವರ ಭಾಷೆಯಲ್ಲೇ ಹೇಳತೊಡಗಿದರು. ಅದೇ ಬೆಳೆದು ಎಸ್‌ಬಿಎಸ್ ಆಯಿತು. 1980ರಲ್ಲಿ ಟಿವಿಯೂ ಬಂತು. ಈಗ ಅದು 60ಕ್ಕೂ ಹೆಚ್ಚು ಭಾಷೆಗಳಲ್ಲಿ ಮಾತಾಡುತ್ತದೆ. ಎಸ್‌ಬಿಎಸ್ ರೇಡಿಯೊದಲ್ಲಿ ಕನ್ನಡವೂ ಕೇಳಿಬಂದಿದೆ.

ಹೀಗೆ ಶುರುವಾದ ಚಾನೆಲ್ಲು 1983ರಿಂದ ಯೂರೋವಿಷನ್ ತೋರಿಸತೊಡಗಿತು. ಕಾರಣ ಸರಳ, ನೋಡುವವರಿಗೆ ಅದು ಊರಿನ ಜಾತ್ರೆ. ಗ್ರೀಸಿನ ಹಳ್ಳಿ ಬಿಟ್ಟು ಬಂದು ಇಲ್ಲಿನ ಕಾರ್ಖಾನೆಯಲ್ಲಿ ದುಡಿಯುವವರಿಗೆ ವರ್ಷಕ್ಕೊಮ್ಮೆ ತಮ್ಮ ಭಾಷೆಯ ಹೊಸ ಹಾಡು ಟಿವಿಯಲ್ಲಿ ಬರುತ್ತದೆ, ಊರಲ್ಲಿರುವ ಅಕ್ಕ ತಂಗಿಯರೂ ಅದನ್ನೇ ನೋಡಿರುತ್ತಾರೆ ಅಂದರೆ ಸುಮ್ನೆ ಮಾತೇ! ಅಪ್ಪ ಅಮ್ಮ ನೋಡುತ್ತಿದ್ದದ್ದನ್ನು ಮಕ್ಕಳು ನೋಡಿದರು, ಮಕ್ಕಳ ಗೆಳೆಯರು ನೋಡಿದರು. ಯೂರೋಪಿನ ಜೊತೆ ಯಾವ ಸಂಬಂಧವೂ ಇಲ್ಲದವರೂ ಆ ಥಳುಕು ಬಳುಕಿಗೆ ಮರುಳಾದರು. ಮನೆಯಲ್ಲಿ ಗೆಳೆಯರನ್ನು ಸೇರಿಸಿಕೊಂಡು, ಒಂದೊಂದು ದೇಶದ ವೇಷ ಹಾಕಿಕೊಂಡು, ನಗುತ್ತಾ ಅಣಕಿಸುತ್ತಾ ನೋಡುವುದು ಇಲ್ಲಿ ಪದ್ಧತಿಯಾಗಿಬಿಟ್ಟಿದೆ. ಯೂರೋಪಿನ ರಾತ್ರಿ ಒಂಬತ್ತು ನಮಗೆ ಮೆಲ್ಬರ್ನ್‌ನಲ್ಲಿ ಭಾನುವಾರ ಬೆಳಗಿನ ಐದು. ಬೆಂಗಳೂರಿನಲ್ಲಿ ರಾತ್ರಿ ಹನ್ನೆರಡೂವರೆ. ಆ ಹೊತ್ತಲ್ಲೂ ಎದ್ದು ನೋಡುವ ಜನ ಇದ್ದಾರೆ ಅಂದಮೇಲೆ ಇಬಿಯುವಿಗೂ ಕುತೂಹಲ ಬರದೇ ಇರುತ್ತದೆಯೇ.

ಇನ್ನೊಂದು ತಮಾಷೆ. ತನ್ನ ಹೆಸರಲ್ಲಿ ಹಾಡುವ ಮೊದಲೇ ಈ ದೇಶ ಬೇರೆಯವರ ಹೆಸರಲ್ಲಿ ಹಾಡಿತ್ತು. 1974ರಲ್ಲಿ ಆಬಾ ತಂಡ ಗೆದ್ದು ಹೆಸರಾಯಿತಲ್ಲ, ಅದೇ ಸಲ ಬ್ರಿಟನ್ನಿನ ಪರವಾಗಿ ಹಾಡಿದ್ದು ಮೆಲ್ಬರ್ನ್‌ನಲ್ಲಿ ಬೆಳೆದ ಒಲಿವಿಯಾ ನ್ಯೂಟನ್ ಜಾನ್. ಐರ್ಲೆಂಡಿಗೆ 1980 ಮತ್ತು 1987ರಲ್ಲಿ ಎರಡು ಸಲ ಗೆದ್ದುಕೊಟ್ಟ ಜಾನಿ ಲೋಗನ್ ಹುಟ್ಟಿದ್ದು ಮೆಲ್ಬರ್ನ್ ಅಂಚಿನ ಫ್ರ್ಯಾಂಕ್‌ಸ್ಟನ್‌ನಲ್ಲಿ. ಗಾಯಕರು ಯಾವ ದೇಶದವರಾಗಿರಬೇಕು ಅಂತ ಸ್ಪರ್ಧೆಯ ನಿಯಮವೇ ಇಲ್ಲ. ಯಾರ ಪರವಾಗಿ ಹಾಡುತ್ತಿದ್ದಾರೆ ಅನ್ನುವುದಷ್ಟೇ ಲೆಕ್ಕ.

2014ರಲ್ಲಿ ಕೋಪನ್‌ಹೇಗನ್‌ನಲ್ಲಿ ಎರಡನೇ ಸೆಮಿಫೈನಲ್ಲಿನ ಬಿಡುವಿನ ಹೊತ್ತಿಗೆ ಆಸ್ಟ್ರೇಲಿಯಾದ ಜೆಸಿಕಾ ಮಾಬಾಯ್ ಅವರನ್ನು ಹಾಡಲು ಕರೆದರು. ಅದು ಸ್ಪರ್ಧೆ ಅಲ್ಲ, ಬಾಗಿಲು ತಟ್ಟಿ ನೋಡಿದ ಹಾಗೆ. ಮರುವರ್ಷ, 2015, ಯೂರೋವಿಷನ್‌ಗೆ 60ನೇ ವರ್ಷ. ಜಾಗ ವಿಯೆನ್ನಾ. ಹಬ್ಬ ಅಂದಮೇಲೆ ದೂರದ ನೆಂಟರನ್ನೂ ಕರೆಯಬೇಕಲ್ಲ, ಆಸ್ಟ್ರೇಲಿಯಾಕ್ಕೆ ಆಹ್ವಾನ ಹೋಯಿತು. ಒಂದೇ ಸಲಕ್ಕೆ, ಸೆಮಿಫೈನಲ್ ಇಲ್ಲದೆ ನೇರ ಫೈನಲ್‌ಗೆ. ಗಯ್ ಸೆಬಾಸ್ಟಿಯನ್ ಹೋದರು. ಮಲೇಷ್ಯಾದಲ್ಲಿ ಹುಟ್ಟಿದವರು, ತಂದೆಯ ಕಡೆ ಶ್ರೀಲಂಕಾದ ತಮಿಳು ಮೂಲ. ಐದನೇ ಸ್ಥಾನ, 196 ಪಾಯಿಂಟ್. ಅದೇ ಫೈನಲ್‌ನಲ್ಲಿ ಆತಿಥೇಯ ಆಸ್ಟ್ರಿಯಾಕ್ಕೆ ಸಿಕ್ಕಿದ್ದು ಸೊನ್ನೆ. ನಮ್ಮಲ್ಲಿ ಕಾಂಗರೂ ಇಲ್ಲ ಅಂತ ಟೀಶರ್ಟ್ ಮೇಲೆ ಬರೆಸಿ ಮಾರುವ ಊರಲ್ಲೇ ಹೀಗಾಯಿತು, ಪಾಪ.

ಒಂದೇ ಸಲಕ್ಕೆ ಅಂದದ್ದು ಮುಂದಿನ ವರ್ಷವೂ ಆಯಿತು, ಅದರ ಮುಂದಿನ ವರ್ಷವೂ ಆಯಿತು. ಆದರೆ 2016ರಿಂದ ಇವರೂ ಎಲ್ಲರ ಹಾಗೆ ಸೆಮಿಫೈನಲ್ ದಾಟಿಯೇ ಬರಬೇಕು.

ಎಂಟ್ರಿ, ಅಂದರೆ ಸ್ಪರ್ಧೆಗೆ ಕಳಿಸುವ ಹಾಡು, ಹೇಗಿರಬೇಕು ಅಂತ ಬೇಗ ಹೇಳಿ ಮುಗಿಸುತ್ತೇನೆ. ಹಾಡು ಮೂರು ನಿಮಿಷ ಮೀರಬಾರದು. ವೇದಿಕೆ ಮೇಲೆ ಆರು ಜನಕ್ಕಿಂತ ಹೆಚ್ಚು ಇರುವಂತಿಲ್ಲ. ಮುಖ್ಯ ಗಾಯಕರು ಅಲ್ಲೇ ನಿಂತು ಬಾಯಿಬಿಟ್ಟು ಹಾಡಬೇಕು, ವಾದ್ಯವೆಲ್ಲ ರೆಕಾರ್ಡ್ ಆದದ್ದು. ಗಿಟಾರ್ ಬಾರಿಸುತ್ತಿರುವ ಹಾಗೆ ಕಾಣುತ್ತದಲ್ಲ, ಅದೆಲ್ಲ ನಟನೆ. ಹಿಂದಿನ ವರ್ಷದ ಸೆಪ್ಟೆಂಬರ್ 1ಕ್ಕಿಂತ ಮೊದಲು ಹಾಡು ಹೊರಗೆ ಬಂದಿರಬಾರದು. ಹಾಡುವವರಿಗೆ 16 ವರ್ಷ ತುಂಬಿರಬೇಕು. ಭಾಷೆ ಯಾವುದಾದರೂ ಆಗಬಹುದು, 1999ರಿಂದ ಈ ಸ್ವಾತಂತ್ರ್ಯ. ಅದಕ್ಕೆ ಮೊದಲು ಬಹಳ ಕಾಲ ಅವರವರ ದೇಶದ ಭಾಷೆಯಲ್ಲೇ ಹಾಡಬೇಕಿತ್ತು.

ಯಾರು ಹೋಗಬೇಕು ಅಂತ ಆರಿಸುವುದು ಚಾನೆಲ್‌ಗೆ ಬಿಟ್ಟದ್ದು. ಮೊದಲ ನಾಲ್ಕು ವರ್ಷ ಎಸ್‌ಬಿಎಸ್ ಒಳಗೊಳಗೇ ಆರಿಸಿತು. ಆಮೇಲೆ 2019, 2020, 2022ರಲ್ಲಿ ಇಲ್ಲಿನ ಗೋಲ್ಡ್ ಕೋಸ್ಟ್ ಅನ್ನುವ ಊರಿನಲ್ಲಿ ಟಿವಿ ಸ್ಪರ್ಧೆಯನ್ನೇ ಏರ್ಪಡಿಸಿತು. ಅರ್ಧ ಜ್ಯೂರಿ, ಅರ್ಧ ಜನರ ಓಟು. ಮೊದಲ ಸಲ ಗೆದ್ದವರು ಕೇಟ್ ಮಿಲ್ಲರ್ ಹೈಡ್ಕಿ. ಮಗು ಹುಟ್ಟಿದ ಮೇಲೆ ತಾಯಂದಿರಿಗೆ ಬರುವ ಖಿನ್ನತೆಯ ಬಗ್ಗೆ ಅವರ ಹಾಡು. ಟೆಲ್ ಅವೀವ್‌ನಲ್ಲಿ ಅವರು ಎತ್ತರದ ಬಳುಕುವ ಕಂಬದ ತುದಿಯಲ್ಲಿ ನಿಂತು, ಗಾಳಿಗೆ ತೆನೆ ತೂಗಿದ ಹಾಗೆ ಅತ್ತಿಂದಿತ್ತ ತೂಗುತ್ತಾ, ಒಪೆರಾ ಶೈಲಿಯಲ್ಲಿ ಹಾಡಿದರು. ಆ ಕಂಬದ ಆಟ ಮೆಲ್ಬರ್ನ್‌ನದೇ ಒಂದು ತಂಡದ್ದು. ಅವರು ತಮ್ಮ ಸೆಮಿಫೈನಲ್ ಗೆದ್ದು, ಫೈನಲ್‌ನಲ್ಲಿ ಒಂಬತ್ತನೆಯವರಾದರು. ನೋಡಿಲ್ಲದಿದ್ದರೆ ಒಮ್ಮೆ ಹುಡುಕಿ ನೋಡಿ. ಹಾಡು ಇಷ್ಟವಾಗದಿದ್ದರೂ ಕಂಬಕ್ಕಾಗಿ ನೋಡಿ.

ಗೋಲ್ಡ್ ಕೋಸ್ಟ್‌ನಲ್ಲಿ ಎರಡನೆಯವರಾದವರನ್ನೂ ಎಸ್‌ಬಿಎಸ್ ಮರೆಯಲಿಲ್ಲ. 2019ರಲ್ಲಿ ಎರಡನೇ ಸ್ಥಾನ ಬಂದ ಎಲೆಕ್ಟ್ರಿಕ್ ಫೀಲ್ಡ್ಸ್ ಜೋಡಿ 2024ರಲ್ಲಿ ಹೋಯಿತು. 2022ರಲ್ಲಿ ಎರಡನೆಯದಾದ ಪರ್ತ್‌ನ ವಾಯೇಜರ್ ಬ್ಯಾಂಡು 2023ರಲ್ಲಿ ಹೋಯಿತು. ಈ ಎರಡು ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತವೆ.

ಈಗ ಎಲ್ಲರೂ ತಲೆ ಕೆರೆದುಕೊಳ್ಳುವ ವಿಷಯ, ಪಾಯಿಂಟು.

ಪ್ರತಿ ದೇಶವೂ ಎರಡು ಸಲ ಪಾಯಿಂಟ್ ಕೊಡುತ್ತದೆ. ಒಂದು ಸಲ ಸಂಗೀತ ಬಲ್ಲವರ ಜ್ಯೂರಿ, ಇನ್ನೊಂದು ಸಲ ಮನೆಯಲ್ಲಿ ಕೂತು ಫೋನು, ಮೆಸೇಜು, ಆ್ಯಪ್ ಮೂಲಕ ಓಟು ಹಾಕುವ ಜನ. ಇಬ್ಬರ ಲೆಕ್ಕವೂ ಒಂದೇ ಥರ. ಮೊದಲ ಹಾಡಿಗೆ 12, ಎರಡನೆಯದಕ್ಕೆ 10, ಆಮೇಲೆ 8, 7, 6 ಹೀಗೆ ಇಳಿಯುತ್ತಾ ಹತ್ತನೆಯದಕ್ಕೆ 1. ಹನ್ನೊಂದನೆಯದಕ್ಕೆ ಏನೂ ಇಲ್ಲ. ತನ್ನ ದೇಶಕ್ಕೆ ತಾನೇ ಓಟು ಹಾಕುವಂತಿಲ್ಲ. 2016ರಿಂದ ಈ ಎರಡು ಪಟ್ಟಿಯನ್ನೂ ಬೇರೆ ಬೇರೆಯಾಗಿ ಕೂಡಿ ಹೇಳುತ್ತಾರೆ. ಅದಕ್ಕೆ ಮೊದಲು ಎರಡನ್ನೂ ಕಲಸಿ ಒಂದೇ ಪಟ್ಟಿ ಮಾಡುತ್ತಿದ್ದರು, ಯಾರು ಯಾರನ್ನು ಮೆಚ್ಚಿದರು ಅಂತ ಅಷ್ಟು ನಿಚ್ಚಳವಾಗಿ ಕಾಣುತ್ತಿರಲಿಲ್ಲ.

ಅಜ್ಜಿ ಮನೆಯ ಆ ಬೆಳಿಗ್ಗೆಗೇ ವಾಪಸ್ ಹೋಗೋಣ. ಆಸ್ಟ್ರೇಲಿಯಾದ ಪರವಾಗಿ ಹಾಡಿದ್ದು ದಾಮಿ ಇಮ್. ಕೊರಿಯಾದಲ್ಲಿ ಹುಟ್ಟಿ ಒಂಬತ್ತನೇ ವಯಸ್ಸಿಗೆ ಇಲ್ಲಿಗೆ ಬಂದವರು. ಹಾಡಿನ ಬಹುಪಾಲು ಅವರು ಒಂದು ಮಿನುಗುವ ಪೆಟ್ಟಿಗೆಯ ಮೇಲೆ ಕೂತೇ ಹಾಡಿದರು. ಕುಣಿತ ಇಲ್ಲ, ಬೆಂಕಿ ಇಲ್ಲ, ಬರೀ ಗಂಟಲು. ಎಲ್ಲ 42 ದೇಶಗಳ ಜ್ಯೂರಿ ಪಾಯಿಂಟ್ ಮುಗಿದಾಗ ಆಸ್ಟ್ರೇಲಿಯಾಕ್ಕೆ 320. ಎರಡನೆಯದಾದ ಉಕ್ರೇನಿಗೆ 211. ನೂರಕ್ಕೂ ಹೆಚ್ಚು ಪಾಯಿಂಟಿನ ಅಂತರ. ಗೆದ್ದೇಬಿಟ್ಟಿತು ಅಂದುಕೊಂಡು ನಾನು ಚಪ್ಪಾಳೆ ತಟ್ಟಿದೆ. ಅಜ್ಜಿ ತಲೆ ಅಲ್ಲಾಡಿಸಿದರು. ಇನ್ನೂ ಜನ ಬಾಕಿ ಇದ್ದಾರೆ ಅಂದರು.

ಆ ವರ್ಷ ಜನರ ಪಾಯಿಂಟನ್ನು ಕಡಿಮೆ ಸಿಕ್ಕವರಿಂದ ಶುರು ಮಾಡಿ ಮೇಲಕ್ಕೆ ಹೇಳುತ್ತಾ ಹೋದರು. ಆಸ್ಟ್ರೇಲಿಯಾಕ್ಕೆ 191. ಒಟ್ಟು 511. ಆಮೇಲೆ ಪೋಲೆಂಡಿಗೆ 222. ಪೋಲೆಂಡಿಗೆ ಜ್ಯೂರಿಯಿಂದ ಸಿಕ್ಕಿದ್ದೆಷ್ಟು ಗೊತ್ತಾ? ಏಳು. ಇಡೀ ಯೂರೋಪಿನ ಜ್ಯೂರಿಗಳೆಲ್ಲ ಸೇರಿ ಕೊಟ್ಟದ್ದು ಬರೀ ಏಳು, ಜನ ಕೊಟ್ಟದ್ದು 222! ಮುಂದೆ ಉಕ್ರೇನಿಗೆ 323, ಒಟ್ಟು 534. ಕೊನೆಯಲ್ಲಿ ರಷ್ಯಾಕ್ಕೆ 361, ಆದರೆ ಜ್ಯೂರಿಯ 130 ಸೇರಿಸಿದರೂ 491 ದಾಟಲಿಲ್ಲ. ಜ್ಯೂರಿಯ ಮೊದಲ ಆಯ್ಕೆ ಆಸ್ಟ್ರೇಲಿಯಾ, ಜನರ ಮೊದಲ ಆಯ್ಕೆ ರಷ್ಯಾ. ಗೆದ್ದದ್ದು ಎರಡೂ ಕಡೆ ಎರಡನೆಯದಾಗಿದ್ದ ಉಕ್ರೇನು. ಅದರ ಗಾಯಕಿ ಜಮಾಲಾ ಟ್ರೋಫಿ ಎತ್ತಿದರು. ಆಸ್ಟ್ರೇಲಿಯಾ 23 ಪಾಯಿಂಟಿನಿಂದ ಸೋತಿತು.

ಇದು ಆ ಒಂದು ವರ್ಷದ ಕಥೆ ಅಂದುಕೊಂಡರೆ, ಮುಂದಿನ ಲೆಕ್ಕ ನೋಡಿ. 2017ರಲ್ಲಿ ಕೀವ್‌ಗೆ ಹೋದ 17 ವರ್ಷದ ಐಸಾಯಾ ಫೈರ್‌ಬ್ರೇಸ್‌ಗೆ ಜ್ಯೂರಿಯಿಂದ 171, ಜನರಿಂದ 2. ಹೌದು, ಎರಡು. 2018ರಲ್ಲಿ ಅದೇ ಜೆಸಿಕಾ ಮಾಬಾಯ್, ಈ ಸಲ ಸ್ಪರ್ಧಿಯಾಗಿ ಲಿಸ್ಬನ್‌ಗೆ ಹೋದರು. ಜ್ಯೂರಿಯಿಂದ 90, ಜನರಿಂದ 9. 2022ರಲ್ಲಿ ಟ್ಯೂರಿನ್‌ನಲ್ಲಿ ಶೆಲ್ಡನ್ ರೈಲಿ, ಜ್ಯೂರಿಯಿಂದ 123, ಜನರಿಂದ ಮತ್ತೆ 2. ನಡುವೆ ಕಂಬದ ಮೇಲಿನ ಕೇಟ್ ಒಬ್ಬರಿಗೇ ಎರಡೂ ಕಡೆ ಹತ್ತಿರ ಹತ್ತಿರ ಬಂತು, 153 ಮತ್ತು 131.

ಜ್ಯೂರಿಗೆ ಇಷ್ಟ, ಜನಕ್ಕೆ ಕಷ್ಟ. ಯಾಕೆ ಹೀಗೆ?

ಎರಡು ಪಾಯಿಂಟ್ ಅಂದರೆ ಎರಡೇ ಜನ ಓಟು ಹಾಕಿದರು ಅಂತ ಅಲ್ಲ. ಇದು ಸರಿಯಾಗಿ ತಲೆಗೆ ಹೋದರೆ ಯೂರೋವಿಷನ್ ಅರ್ಧ ಅರ್ಥವಾದ ಹಾಗೆ. ಫೈನಲ್‌ನಲ್ಲಿ ಸಾಮಾನ್ಯವಾಗಿ 25, 26 ಹಾಡು. ಪ್ರತಿ ದೇಶದಲ್ಲೂ ಮೊದಲ ಹತ್ತರೊಳಗೆ ಬಂದರೆ ಮಾತ್ರ ಪಾಯಿಂಟು. ಒಂದು ಹಾಡು ನಲವತ್ತು ದೇಶದಲ್ಲೂ ಹನ್ನೊಂದನೆಯದಾಗಿದೆ ಅಂತ ಇಟ್ಟುಕೊಳ್ಳಿ. ಅಂದರೆ ಎಲ್ಲ ಕಡೆಯೂ ಅದಕ್ಕೆ ಓಟು ಬಿದ್ದಿದೆ, ಹದಿನೈದು ಹಾಡಿಗಿಂತ ಜಾಸ್ತಿಯೇ ಬಿದ್ದಿದೆ. ಆದರೂ ಒಟ್ಟು ಪಾಯಿಂಟು ಸೊನ್ನೆ. ಒಂದು ಹಾಡು ನಾಲ್ಕು ದೇಶದಲ್ಲಿ ಮೊದಲನೆಯದಾಗಿ, ಉಳಿದ ಕಡೆ ಯಾರೂ ತಿರುಗಿ ನೋಡದಿದ್ದರೂ ಅದಕ್ಕೆ 48. ಎಲ್ಲರಿಗೂ ಸ್ವಲ್ಪ ಸ್ವಲ್ಪ ಇಷ್ಟವಾಗುವುದಕ್ಕೆ ಇಲ್ಲಿ ಬೆಲೆಯಿಲ್ಲ.

ಜ್ಯೂರಿಯವರ ಕೆಲಸವೇ ಬೇರೆ. ಅವರು ಎಲ್ಲ ಹಾಡನ್ನೂ ಕೇಳಿ, ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಸಾಲು ಹಚ್ಚಬೇಕು. ಗಂಟಲು ಸರಿಯಾಗಿದೆಯಾ, ಹಾಡು ಗಟ್ಟಿಯಾಗಿದೆಯಾ, ವೇದಿಕೆ ಹೇಗಿತ್ತು, ಇದನ್ನೆಲ್ಲ ನೋಡಬೇಕು ಅಂತ ಅವರಿಗೆ ಹೇಳಿರುತ್ತಾರೆ. "ಚೆನ್ನಾಗಿದೆ" ಅನ್ನಿಸಿದರೆ ಸಾಕು, ಹಾಡು ಮೇಲೆ ಹೋಗುತ್ತದೆ. ಅಂದಹಾಗೆ ಅವರು ಅಂಕ ಹಾಕುವುದು ನಾವು ನೋಡುವ ಫೈನಲ್‌ಗೆ ಅಲ್ಲ, ಅದರ ಹಿಂದಿನ ರಾತ್ರಿಯ ರಿಹರ್ಸಲ್‌ಗೆ. ಶನಿವಾರ ರಾತ್ರಿ ನೀವು ನೋಡುವಾಗ ಅರ್ಧ ಫಲಿತಾಂಶ ಆಗಲೇ ಲಕೋಟೆಯಲ್ಲಿ ಕೂತಿರುತ್ತದೆ.

ಜನ ಸಾಲು ಹಚ್ಚುವುದಿಲ್ಲ. "ಚೆನ್ನಾಗಿದೆ" ಅಂತ ಯಾರೂ ದುಡ್ಡು ಖರ್ಚು ಮಾಡಿ ಮೆಸೇಜು ಕಳಿಸುವುದಿಲ್ಲ. ಹುಚ್ಚು ಹಿಡಿಯಬೇಕು. ಇಲ್ಲವೇ, ಅಜ್ಜಿಯ ಹಾಗೆ, ನಮ್ಮವರು ಅನ್ನಿಸಬೇಕು.

ಪೋಲೆಂಡಿನ 222ಕ್ಕೆ ಹಾಡು ಎಷ್ಟು ಕಾರಣವೋ, ಬ್ರಿಟನ್, ಜರ್ಮನಿ, ಐರ್ಲೆಂಡ್, ನಾರ್ವೆ ಅಂತ ಹೊಟ್ಟೆಪಾಡಿಗೆ ಹರಡಿಕೊಂಡ ಪೋಲೆಂಡಿನವರೂ ಅಷ್ಟೇ ಕಾರಣ ಅಂತ ನನ್ನ ಲೆಕ್ಕ. ಜರ್ಮನಿಯಲ್ಲಿರುವ ಪೋಲೆಂಡಿನವನ ಓಟು ಜರ್ಮನಿಯ ಓಟು, ಆದ್ದರಿಂದ ತನ್ನ ದೇಶಕ್ಕೆ ಧಾರಾಳವಾಗಿ ಹಾಕಬಹುದು. ಮೆಲ್ಬರ್ನ್‌ನ ಅಜ್ಜಿಯ ಓಟು ಆಸ್ಟ್ರೇಲಿಯಾದ್ದು, ಆದ್ದರಿಂದ ಗ್ರೀಸಿಗೂ ಹಾಕಬಹುದು ಸೈಪ್ರಸ್‌ಗೂ ಹಾಕಬಹುದು. ಅಕ್ಕಪಕ್ಕದವರ ಮಾತಂತೂ ಕೇಳಲೇಬೇಡಿ. ಗ್ರೀಸ್ ಮತ್ತು ಸೈಪ್ರಸ್ ಒಬ್ಬರಿಗೊಬ್ಬರು 12 ಕೊಟ್ಟುಕೊಳ್ಳುವುದನ್ನು ಸಭೆಯಲ್ಲಿ ಕೂತ ಜನ ಮೊದಲೇ ಊಹಿಸಿ ನಗುತ್ತಾರೆ. ಸ್ಕ್ಯಾಂಡಿನೇವಿಯಾದವರು ಒಬ್ಬರನ್ನೊಬ್ಬರು ಬಿಟ್ಟುಕೊಡುವುದಿಲ್ಲ. ಇದನ್ನು ಮೋಸ ಅಂತ ಬೈಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಒಂದೇ ಥರದ ಹಾಡು ಕೇಳಿ ಬೆಳೆದವರಿಗೆ ಒಂದೇ ಥರದ ಹಾಡು ಇಷ್ಟವಾಗುತ್ತದೆ, ಪಕ್ಕದ ದೇಶದ ಗಾಯಕ ಮೊದಲೇ ಪರಿಚಯ ಇರುತ್ತಾನೆ. ನಮ್ಮ ಟಿವಿಯ ಹಾಡಿನ ಸ್ಪರ್ಧೆಯಲ್ಲಿ ನಮ್ಮ ಜಿಲ್ಲೆಯ ಹುಡುಗಿ ಇದ್ದರೆ ಊರಿಗೆ ಊರೇ ಎಸ್‌ಎಂಎಸ್ ಮಾಡುವುದಿಲ್ಲವಾ?

ಆಸ್ಟ್ರೇಲಿಯಾಕ್ಕೆ ಇಲ್ಲದಿರುವುದು ಇದೇ. ಅದಕ್ಕೆ ಅಲ್ಲಿ ಅಕ್ಕಪಕ್ಕದ ಮನೆಯೇ ಇಲ್ಲ. ನ್ಯೂಜಿಲೆಂಡ್ ಸ್ಪರ್ಧೆಯಲ್ಲಿಲ್ಲ. ಲಂಡನ್ನಿನಲ್ಲಿ ಆಸ್ಟ್ರೇಲಿಯಾದವರು ಬೇಕಾದಷ್ಟಿದ್ದಾರೆ, ಆದರೆ ಅಲ್ಬೇನಿಯಾದಲ್ಲೋ ಲಿಥುವೇನಿಯಾದಲ್ಲೋ ಹುಡುಕಿದರೂ ಸಿಗುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಯೂರೋಪಿನವರು ತುಂಬಿದ್ದಾರೆ, ಯೂರೋಪಿನಲ್ಲಿ ಆಸ್ಟ್ರೇಲಿಯಾದವರು ತುಂಬಿಲ್ಲ. ಹಾಗಾಗಿ ಓಟು ಈ ಕಡೆಯಿಂದ ಆ ಕಡೆಗೆ ಹರಿಯುತ್ತದೆ, ವಾಪಸ್ ಬರುವುದಿಲ್ಲ. ಬೆಳಗಿನ ಐದಕ್ಕೆ ಎದ್ದು ಕೂತ ಅಭಿಮಾನಿಗಳು ತಮ್ಮ ದೇಶಕ್ಕೆ ಒಂದು ಓಟನ್ನೂ ಹಾಕುವಂತಿಲ್ಲ. ಹಾಕಬೇಕಾದವರು ಹದಿನೈದು ಸಾವಿರ ಕಿಲೋಮೀಟರ್ ದೂರದಲ್ಲಿದ್ದಾರೆ, ಅವರಲ್ಲಿ ಕೆಲವರಿಗೆ ಇವರನ್ನು ಯಾಕೆ ಕರೆದರು ಅನ್ನುವ ಗೊಣಗಾಟ ಬೇರೆ.

ಆದರೆ ಇದೊಂದೇ ಕಾರಣ ಅಂತ ಎಸ್‌ಬಿಎಸ್‌ಅನ್ನು ಪೂರ್ತಿ ಬಚಾವ್ ಮಾಡುವುದಕ್ಕೂ ನನಗೆ ಮನಸ್ಸಿಲ್ಲ. ಎಷ್ಟೋ ವರ್ಷ ಅವರು ಕಳಿಸಿದ್ದು ಒಳ್ಳೆ ಗಂಟಲು ಇರುವ, ಯಾರಿಗೂ ತೊಂದರೆ ಕೊಡದ ಹಾಡು. ಜ್ಯೂರಿಗೆ ಹೇಳಿ ಮಾಡಿಸಿದ್ದು. ಕೇಟ್ ಕಂಬ ಹತ್ತಿದ ವರ್ಷ ಜನ ಓಟು ಹಾಕಿದರಲ್ಲ, ಹಾಗಾದರೆ ಹಾಕುವುದಿಲ್ಲ ಅಂತೇನೂ ಇಲ್ಲವಲ್ಲ!

ಈ ಜ್ಯೂರಿ ನಂಬಿಕೊಂಡ ಸಂಸಾರಕ್ಕೆ 2023ರಲ್ಲಿ ಪೆಟ್ಟು ಬಿತ್ತು. ಹಿಂದಿನ ವರ್ಷ ಕೆಲವು ದೇಶಗಳ ಜ್ಯೂರಿ ಓಟಿನಲ್ಲಿ ಅನುಮಾನ ಬರುವಂಥ ಹೊಂದಾಣಿಕೆ ಕಂಡಿದ್ದರಿಂದ, ಸೆಮಿಫೈನಲ್‌ನಲ್ಲಿ ಇನ್ನು ಜ್ಯೂರಿ ಬೇಡ, ಜನರ ಓಟೇ ಸಾಕು ಅಂತ ಇಬಿಯು ತೀರ್ಮಾನ ಮಾಡಿತು. ಅದೇ ವರ್ಷ ಸ್ಪರ್ಧೆಯಲ್ಲಿಲ್ಲದ ದೇಶದವರೂ ಆನ್‌ಲೈನ್‌ನಲ್ಲಿ ಓಟು ಹಾಕಬಹುದು ಅಂತಾಯಿತು, ಅವರೆಲ್ಲ ಸೇರಿ ಒಂದು ದೇಶದಷ್ಟು ಲೆಕ್ಕ. ಆಸ್ಟ್ರೇಲಿಯಾದ ಕಥೆ ಮುಗಿಯಿತು ಅಂದುಕೊಂಡೆವು. ಆದರೆ ಲಿವರ್‌ಪೂಲ್‌ಗೆ ಹೋದ ವಾಯೇಜರ್, ವೇದಿಕೆ ಮೇಲೆ ಕಾರು ನಿಲ್ಲಿಸಿಕೊಂಡು, ಮೆಟಲ್ ಸಂಗೀತ, ಎಂಬತ್ತರ ದಶಕದ ಪಾಪ್ ಸಂಗೀತ ಎಲ್ಲ ಕಲಸಿ ಹಾಡಿ, ಬರೀ ಜನರ ಓಟಿನಿಂದ ಸೆಮಿಫೈನಲ್‌ನಲ್ಲಿ ಮೊದಲನೆಯದಾಗಿ ಬಂತು! ಅಂದಹಾಗೆ ಆ ಬ್ಯಾಂಡಿನ ಗಾಯಕ ಡ್ಯಾನಿ ಎಸ್ಟ್ರಿನ್ ವೃತ್ತಿಯಲ್ಲಿ ವಲಸೆ ಕಾನೂನಿನ ವಕೀಲರು. ವಲಸಿಗರ ಚಾನೆಲ್‌ಗೆ ಇದಕ್ಕಿಂತ ಒಪ್ಪುವ ಗಾಯಕ ಸಿಗುತ್ತಿರಲಿಲ್ಲ.

ಫೈನಲ್‌ನಲ್ಲಿ ಮತ್ತೆ ಹಳೇ ರಾಗ. ಜ್ಯೂರಿಯಿಂದ 130, ಜನರಿಂದ 21. ಒಂಬತ್ತನೇ ಸ್ಥಾನ. ಎರಡೇ ದಿನದಲ್ಲಿ ಜನರ ಮನಸ್ಸು ಬದಲಾಯಿತಾ? ಇಲ್ಲ. ಸೆಮಿಫೈನಲ್‌ನಲ್ಲಿ 16 ಹಾಡು, ಅಲ್ಲಿ ಮೊದಲ ಹತ್ತರೊಳಗೆ ಬರುವುದು ಸುಲಭ. ಫೈನಲ್‌ನಲ್ಲಿ 26, ಜೊತೆಗೆ ಸ್ವೀಡನ್, ಫಿನ್ಲೆಂಡಿನಂಥ ಘಟಾನುಘಟಿಗಳು. ಆ ಹನ್ನೊಂದನೇ ಸ್ಥಾನದ ಶಾಪ ಅಂದೆನಲ್ಲ, ಅದೇ.

ಮುಂದಿನ ಎರಡು ವರ್ಷ ಆ ಶಾಪ ಸೆಮಿಫೈನಲ್‌ಗೇ ಬಂತು. 2024ರಲ್ಲಿ ಮಾಲ್ಮೊಗೆ ಹೋದ ಎಲೆಕ್ಟ್ರಿಕ್ ಫೀಲ್ಡ್ಸ್ ತಮ್ಮ ಹಾಡಿನಲ್ಲಿ ಯಾಂಕುನಿಚಾಚರಾ ಅನ್ನುವ ಮೂಲನಿವಾಸಿಗಳ ಭಾಷೆಯ ಸಾಲುಗಳನ್ನು ಹಾಡಿದರು. ಆಸ್ಟ್ರೇಲಿಯಾದ ಮೂಲನಿವಾಸಿ ಭಾಷೆಯೊಂದು ಆ ವೇದಿಕೆಯಲ್ಲಿ ಕೇಳಿದ್ದು ಅದೇ ಮೊದಲು. ಹಾಡಿನ ಹೆಸರಲ್ಲಿರುವ ಮಿಲ್ಕಾಲಿ ಅಂದರೆ ರಕ್ತ. ಸೆಮಿಫೈನಲ್‌ನಿಂದ ಮುಂದೆ ಹೋಗುವುದು ಹತ್ತು ಹಾಡು, ಇವರು ಹನ್ನೊಂದನೆಯವರಾದರು. 2025ರಲ್ಲಿ ಬಾಸೆಲ್‌ಗೆ ಗೋ ಜೋ ಹೋದರು, ತುಂಟ ಹಾಡು, ಜನಕ್ಕಾಗಿಯೇ ಮಾಡಿದ್ದು. ಅವರೂ ಹನ್ನೊಂದು. 2026ರಿಂದ ಸೆಮಿಫೈನಲ್‌ಗೂ ಜ್ಯೂರಿ ವಾಪಸ್ ಬರುತ್ತದೆ ಅಂತ ಇಬಿಯು ಹೇಳಿದಾಗ ಇಲ್ಲಿನ ಅಭಿಮಾನಿಗಳು ನಿಟ್ಟುಸಿರು ಬಿಟ್ಟದ್ದಕ್ಕೆ ಕಾರಣ ಈಗ ನಿಮಗೇ ಗೊತ್ತಾಯಿತಲ್ಲ.

ಗೆದ್ದುಬಿಟ್ಟರೆ ಏನು ಮಾಡುತ್ತಾರೆ ಅಂತಲೂ ಜನ ಕೇಳುತ್ತಾರೆ. ಗೆದ್ದ ದೇಶ ಮರುವರ್ಷ ಸ್ಪರ್ಧೆ ನಡೆಸುವುದು ಪದ್ಧತಿ. ಇಡೀ ಯೂರೋಪನ್ನು ಸಿಡ್ನಿಗೆ ಕರೆಸುವುದು ಆಗದ ಮಾತು, ಹೊತ್ತೂ ಹೊಂದುವುದಿಲ್ಲ. ಆದ್ದರಿಂದ ಎಸ್‌ಬಿಎಸ್ ಯೂರೋಪಿನದೇ ಒಂದು ಚಾನೆಲ್ ಜೊತೆ ಸೇರಿ ಅಲ್ಲಿನ ಯಾವುದಾದರೂ ಊರಲ್ಲಿ ನಡೆಸಬೇಕು ಅನ್ನುವುದು ಮೊದಲಿನಿಂದಲೂ ಇರುವ ಮಾತು.

ವಾಯೇಜರ್ ಫೈನಲ್‌ಗೆ ಬಂದ ವರ್ಷ ನಾನೂ ನನ್ನ ಕೈಲಾದಷ್ಟು ಮಾಡಿದೆ. ಮ್ಯೂನಿಕ್‌ನಲ್ಲಿ ನನ್ನ ಚಿಕ್ಕಪ್ಪನ ಮಗ ಇದ್ದಾನೆ. ಅವನ ಓಟು ಜರ್ಮನಿಯ ಓಟು ಅಲ್ವಾ! ಶುಕ್ರವಾರವೇ ವಾಟ್ಸಾಪ್‌ನಲ್ಲಿ ಹಾಡು ಕಳಿಸಿದೆ, ಯಾವಾಗ ಹಾಕಬೇಕು ಹೇಗೆ ಹಾಕಬೇಕು, ಒಬ್ಬರು ಇಪ್ಪತ್ತು ಓಟಿನವರೆಗೂ ಹಾಕಬಹುದು ಅಂತ ಎಲ್ಲ ಬರೆದೆ, ನಮ್ಮ ಕಡೆಯವರು ಅಂತ ಇರೋದು ನೀನೊಬ್ಬನೇ ಕಣೋ ಅಂತ ಗೋಗರೆದೆ. ಆಯ್ತು ಅಂದ. ಭಾನುವಾರ ಬೆಳಿಗ್ಗೆ ಅಜ್ಜಿ ಮನೆಯ ಸೋಫಾದಲ್ಲಿ ಕೂತು 21 ಅಂತ ನೋಡಿದ ಮೇಲೆ ಅವನಿಗೆ ಫೋನ್ ಮಾಡಿದೆ.

"ಹಾಡು ಚೆನ್ನಾಗಿತ್ತು ಕಣೋ" ಅಂದ. "ಆದ್ರೆ ಮಗಳು ಫಿನ್ಲೆಂಡಿನ ಆ ಹಸಿರು ತೋಳಿನವನಿಗೇ ಹಾಕ್ಬೇಕು ಅಂತ ಹಠ ಹಿಡಿದ್ಲು."

"ಎಷ್ಟು ಹಾಕಿದೆ?"

"ಇಪ್ಪತ್ತೂ ಅವನಿಗೇ."